ತೊಳೆದ ಮರಿ

ಮನೆಯಿಂದ,
ಶುಕ್ರವಾರ, ೧೪ ನವೆಂಬರ್, ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮಾ? ಕಾಲಿನ ಊತ ಇಳಿಯಿತೇ? ಏಳು ತಿಂಗಳು ತುಂಬಿದ ಮೇಲೆ ಎಡಮಗ್ಗುಲಿಗೇ ಮಲಗಬೇಕು, ಮತ್ತೆ ಮೆಟ್ಟಿಲು... ಇಲ್ಲ, ಬುದ್ಧಿ ಹೇಳಬಾರದು ಎಂದುಕೊಂಡೇ ಬರೆಯಲು ಕುಳಿತಿದ್ದೇನೆ. ಮುಂದಿನ ಎರಡು ಸಾಲು ಹೊಡೆದುಹಾಕಿದ್ದೇನೆ, ಕಷ್ಟಪಟ್ಟು ಓದಬೇಡ. ಫೋನಿನಲ್ಲಾದರೆ ಆಡಿದ ಮಾತನ್ನು ಹೊಡೆದುಹಾಕಲು ಬರುವುದಿಲ್ಲ ನೋಡು, ಅದಕ್ಕೇ ಈ ಕಾಗದ. ನಿನ್ನ ತಾಯಿಯವರ ಮಂಡಿನೋವು ಹೇಗಿದೆ? ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ನಿನ್ನ ಗಂಡ ತಟ್ಟೆಯ ಮುಂದೆ ಕುಳಿತು ಗೋಡೆ ನೋಡುತ್ತಾನೆ. ಹೆರಿಗೆಯಾದ ಮೇಲೂ ನೀನು ಮಗುವನ್ನು ಕರೆದುಕೊಂಡು ಈ ಮನೆಗೆ ಬರುವುದಿಲ್ಲ, ತವರಿನಲ್ಲೇ ಇರುತ್ತೀಯ ಎಂದು ಹೇಳಿದವನು ಆಮೇಲೆ ನನ್ನೊಡನೆ ಮಾತು ಬಿಟ್ಟಿದ್ದಾನೆ. ಕಾರಣ ನಾನೇ. "ಮಗು ಹುಟ್ಟಿದ್ಮೇಲೆ ನನ್ನ ಕೈಗೆ ಕೊಟ್ಬಿಡು, ನಿನಗೇನು ಗೊತ್ತಾಗುತ್ತೆ" ಎಂದು ನಾನು ಅಂದದ್ದು ಒಂದು ಸಲವಲ್ಲ.

ಈಗ ಸುದ್ದಿ. ನೀನು ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ ಮೇಕೆ ಬುಧವಾರ ಬೆಳಿಗ್ಗೆ ಎರಡು ಮರಿ ಹಾಕಿತು. ಗಡ್ಡ ಎತ್ತಿ ಎಲ್ಲರನ್ನೂ ಗದರಿಸುವ ಹಾಗೆ ನೋಡುತ್ತದೆ ಎಂದು ನೀನೇ ಟೀಚರಮ್ಮ ಎಂದು ಹೆಸರಿಟ್ಟೆಯಲ್ಲ, ಅಂದು ಆ ಗತ್ತೆಲ್ಲ ಇಳಿದುಹೋಗಿತ್ತು. ಮೊದಲನೆಯದು ಸಲೀಸಾಗಿ ಬಂತು. ಟೀಚರಮ್ಮ ಅದನ್ನು ನೆಕ್ಕುತ್ತಿರುವಾಗಲೇ ಎರಡನೆಯದು ಜಾರಿ ಹುಲ್ಲಿನ ಮೇಲೆ ಬಿತ್ತು. ಹೆಣ್ಣು, ಕಂದು ಬಣ್ಣ, ಮೈತುಂಬ ಲೋಳೆ, ಗಡಗಡ ನಡುಗುತ್ತಿತ್ತು. ತಾಯಿ ನೆಕ್ಕುವವರೆಗೆ ಮುಟ್ಟಬಾರದು ಎಂದು ನೀನು ಹೋಗುವ ಮುಂಚೆ ಹೇಳಿದ್ದೆ. ನನ್ನ ಕೈ ಎಲ್ಲಿ ಸುಮ್ಮನಿರುತ್ತದೆ? ಎತ್ತಿಕೊಂಡು ಹೋಗಿ ಬಿಸಿನೀರಿನಲ್ಲಿ ತೊಳೆದೆ. ಅದೂ ಯಾವ ಸೋಪಿನಲ್ಲಿ ಗೊತ್ತೇ, ಮೊಮ್ಮಗುವಿಗೆಂದು ತಂದಿಟ್ಟ ಘಮಘಮ ಸೋಪಿನಲ್ಲಿ. ಹೊಸ ಟವೆಲಿನಲ್ಲಿ ಒರೆಸಿ, ದೊಡ್ಡ ಉಪಕಾರ ಮಾಡಿದವಳ ಹಾಗೆ ತಾಯಿಯ ಮುಂದೆ ಬಿಟ್ಟೆ.

ಟೀಚರಮ್ಮ ಒಂದು ಸಲ ಮೂಸಿ ಮುಖ ತಿರುಗಿಸಿತು. ಮರಿ ಕೆಚ್ಚಲಿಗೆ ಬಾಯಿ ಚಾಚಿದರೆ ತಲೆಯಿಂದ ಗುದ್ದಿ ಬೀಳಿಸಿತು. ಮತ್ತೆ ಹೋಯಿತು, ಮತ್ತೆ ಗುದ್ದು. ಮೂರನೆಯ ಸಲ ಅದು ಏಳಲೇ ಇಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲಲ್ಲವೇ, ಇದೆಂಥ ತಾಯಿ ಎಂದು ಮೇಕೆಯನ್ನೇ ಬೈದೆ. ಅಷ್ಟರಲ್ಲಿ ನಿನ್ನ ಗಂಡ ಪಶುವೈದ್ಯರನ್ನು ಕರೆತಂದ. ಅವರು ಮರಿಯನ್ನು ಎತ್ತಿ ಮೂಸಿ ನನ್ನ ಕಡೆ ನೋಡಿದರು.

"ಅಮ್ಮಾ, ಇದರ ಗುರುತನ್ನೇ ನೀವು ತೊಳೆದುಬಿಟ್ಟಿದ್ದೀರಿ. ತಾಯಿಗೀಗ ಇದು ಬೇರೆ ಯಾರದೋ ಮಗು."

ಅವರು ಟೀಚರಮ್ಮನನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿ, ಅದರದೇ ಮೊದಲ ಹಾಲು ಕರೆದು ಮರಿಯ ಬೆನ್ನಿಗೆ, ಬಾಲಕ್ಕೆ ಹಚ್ಚಿದರು. ನಿನ್ನ ಗಂಡ ಮೇಕೆಯನ್ನು ಅಲುಗಾಡದಂತೆ ಹಿಡಿದುಕೊಂಡ, ಮರಿ ಹೇಗೋ ನಾಲ್ಕು ಗುಟುಕು ಕುಡಿಯಿತು. ಮೂರು ಗಂಟೆಗೊಮ್ಮೆ ಹೀಗೇ ಮಾಡಬೇಕು, ಸೋಪಿನ ವಾಸನೆ ನಿಮ್ಮ ಕೈಯಲ್ಲೂ ಇದೆ, ನೀವು ಕೊಟ್ಟಿಗೆಗೆ ಕಾಲಿಡಬೇಡಿ ಎಂದು ನನಗೆ ಹೇಳಿ ಹೋದರು. ಎರಡು ದಿನ ಕೊಟ್ಟಿಗೆಯ ಹೊರಗೆ ಮಗುಚಿದ ಬಕೆಟ್ಟಿನ ಮೇಲೆ ಕುಳಿತಿದ್ದೆ. ಒಳಗೆ ಮರಿ ಅರಚುವುದು ಕೇಳುತ್ತಿತ್ತು, ಹೋಗುವ ಹಾಗಿಲ್ಲ. ನಾನು ಎತ್ತಿಕೊಂಡು ಹೋದದ್ದರಿಂದಲೇ ಅದು ಅನಾಥವಾಯಿತು ಎನಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಿನ್ನ ಮಾವ ನೋಡಿಯೂ ನೋಡದವರ ಹಾಗೆ ಒಂದು ಲೋಟ ನೀರು ಪಕ್ಕಕ್ಕಿಟ್ಟು ಹೋದರು.

ಇವತ್ತು ಬೆಳಿಗ್ಗೆ ನಿನ್ನ ಗಂಡ ಹಗ್ಗ ಬಿಚ್ಚಿದ. ಟೀಚರಮ್ಮ ಬಹಳ ಹೊತ್ತು ಮೂಸಿ, ಬಾಲದ ಕಡೆಯಿಂದ ನೆಕ್ಕತೊಡಗಿತಂತೆ. ಅವನು ಹೊರಗೆ ಬಂದು, ಎಷ್ಟೋ ದಿನದ ಮೇಲೆ, "ಅಮ್ಮಾ, ಸೇರಿಸಿಕೊಳ್ತು" ಎಂದ. ನಾನು ನೋಡಲು ಒಳಗೆ ಹೋಗಲಿಲ್ಲ. ಮಗಳೇ, ನಿನಗೆ ಗೊತ್ತಾಗುವುದಿಲ್ಲ ಎಂದಿದ್ದೆನಲ್ಲ, ಅದು ತಪ್ಪು. ಅದನ್ನು ಹೊಡೆದುಹಾಕಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ನಿನ್ನ ತಾಯಿತಂದೆಗೆ ನನ್ನ ನಮಸ್ಕಾರ ತಿಳಿಸು. ಹೊಟ್ಟೆಯಲ್ಲಿರುವ ಕೂಸಿಗೂ ನಿನಗೂ ಕೂದಲೂ ಕೊಂಕದಿರಲಿ.

ನಿನ್ನ ಅತ್ತೆ

ಇನ್ನೊಂದು ಮಾತು. ಕಾಗದ ಮಡಚುವಾಗ ಬಡಗಿ ಕೆಲಸ ಮುಗಿಯಿತೆಂದು ಕರೆದ. ನಿಮ್ಮ ಕೋಣೆಯ ಬಾಗಿಲಿಗೆ ಒಳಗಡೆಯಿಂದ ಚಿಲಕ ಹಾಕಿಸಿದ್ದೇನೆ. ನಿನ್ನ ಮಾವ ಒಳಗೆ ಹೋಗಿ ಹಾಕಿಕೊಂಡರು, ನಾನು ಹೊರಗಿನಿಂದ ಬಲವಾಗಿ ತಳ್ಳಿ ನೋಡಿದೆ, ತೆರೆಯಲಿಲ್ಲ. ಕೊನೆಗೆ ತಟ್ಟಿದೆ. ಈ ಮನೆಯಲ್ಲಿ ನಾನು ಬಾಗಿಲು ತಟ್ಟಿದ್ದು ಇದೇ ಮೊದಲು. ಅಭ್ಯಾಸ ಮಾಡಿಕೊಳ್ಳುತ್ತೇನೆ, ನೀನೂ ಕೂಸೂ ಇಬ್ಬರೂ ಬನ್ನಿ.