ಮೂವತ್ತೈದು ಸೆಂಟಿಮೀಟರಿನೊಳಗೆ ಮುದಿಯಾಗುವ ಮೀನುಗಳ ಬಗ್ಗೆ

ಮಾನ್ಯ ಮೀನುಗಾರಿಕೆ ನಿರ್ದೇಶಕರೇ,

ನೀವು ನನ್ನ ಅಳತೆ ಹಲಗೆಯನ್ನು ಬದಲಾಯಿಸಿದಿರಿ. ಮೀನು ಉದ್ದವಾಗಲಿಲ್ಲ. ಆಮೇಲೆ ನನ್ನನ್ನೇ ಬದಲಾಯಿಸಿದಿರಿ. ಆಗಲೂ ಮೀನು ಉದ್ದವಾಗಲಿಲ್ಲ. ನನ್ನ ಜಾಗಕ್ಕೆ ಬಂದವರು ಹೊಸ ಹಲಗೆಯ ಮೇಲೆ ಅದೇ ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು ಎಂದು ಬರೆಯುತ್ತಿದ್ದಾರೆಂದು ಕೇಳಿದ್ದೇನೆ. ಅವರ ಸರದಿ ಯಾವಾಗ ಎಂದು ವಿಚಾರಿಸಲು ಈ ಪತ್ರವಲ್ಲ. ನನ್ನ ಇಪ್ಪತ್ತಮೂರು ವರ್ಷಗಳ ದಾಖಲೆ ಪುಸ್ತಕಗಳ ಮೇಲೆ 'ದೋಷಪೂರಿತ' ಎಂದು ಮುದ್ರೆಯೊತ್ತಿ ಉಗ್ರಾಣಕ್ಕೆ ತಳ್ಳಿದಿರಲ್ಲ, ಆ ಮುದ್ರೆಯ ಬಗ್ಗೆ ಈ ಪತ್ರ. ಇದೇ ವಿಷಯವಾಗಿ ತಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಸಾಲು ಬಂತು. ಇನ್ನು ಊರೆಲ್ಲ ಪರಿಶೀಲಿಸಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನನ್ನ ಕೆಲಸ ಏನಿತ್ತೆಂದು ತಮಗೆ ತಿಳಿದಿರಲಾರದು. ಬೆಳಿಗ್ಗೆ ದೋಣಿಗಳು ಸರೋವರದಿಂದ ದಡಕ್ಕೆ ಬಂದಾಗ ಪ್ರತಿ ದೋಣಿಯಿಂದ ಒಂದು ಬುಟ್ಟಿ ಮೀನು ನನ್ನ ಮೇಜಿಗೆ ಬರುತ್ತಿತ್ತು. ತಗಡಿನ ಚಾವಣಿ, ಸಿಮೆಂಟಿನ ಮೇಜು, ತಣ್ಣೀರಿನ ನಲ್ಲಿ. ಮೀನಿನ ಮೂತಿಯನ್ನು ಹಲಗೆಯ ಅಂಚಿಗೆ ತಾಗಿಸಿ ಬಾಲದವರೆಗೆ ಅಳೆಯಬೇಕು. ಹತ್ತರಲ್ಲಿ ಒಂದರ ಹೊಟ್ಟೆ ಸೀಳಿ ಮೊಟ್ಟೆ ಇದೆಯೇ ನೋಡಬೇಕು. ಅದರ ಮೈಯಿಂದ ಒಂದು ಹುರುಪೆ ಕಿತ್ತು ಭೂತಗನ್ನಡಿಯಡಿ ಹಿಡಿದರೆ ಗೆರೆಗಳು ಕಾಣುತ್ತವೆ. ವರ್ಷಕ್ಕೊಂದು ಗೆರೆ. ಎಣಿಸಿ, ವಯಸ್ಸು ಬರೆಯಬೇಕು. ದಡದವರು ನನ್ನನ್ನು 'ಅಳತೆಯಕ್ಕ' ಎನ್ನುತ್ತಿದ್ದರು. ಮನೆಗೆ ಹೋದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ನನ್ನ ಯಜಮಾನರು ಬದುಕಿದ್ದಷ್ಟು ಕಾಲ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಅವರ ದೊಡ್ಡತನ.

ನಾನು ಸೇರಿದ ಮರುವರ್ಷವೇ ತಮ್ಮ ಕಚೇರಿಯ ನಿಯಮ ಬಂತು: ಮೂವತ್ತೈದು ಸೆಂಟಿಮೀಟರಿಗಿಂತ ಚಿಕ್ಕ ಬೆಳ್ಳಿಮೀನನ್ನು ನೀರಿಗೆ ಬಿಡಬೇಕು, ಅದಕ್ಕಿಂತ ದೊಡ್ಡದನ್ನು ಎಷ್ಟು ಬೇಕಾದರೂ ಹಿಡಿಯಬಹುದು. ಮರಿಗಳು ಉಳಿಯಲಿ, ಬೆಳೆದವು ಬುಟ್ಟಿಗೆ ಬರಲಿ. ಯಾರಿಗೆ ತಾನೇ ಬೇಡವೆನಿಸೀತು? ಆ ಪ್ರಕಟಣೆಯನ್ನು ಗೋಡೆಗೆ ಅಂಟಿಸಿದವಳು ನಾನೇ. ತಕರಾರು ತೆಗೆದ ಬೆಸ್ತರಿಗೆ ಬುದ್ಧಿ ಹೇಳಿದವಳೂ ನಾನೇ. ಇದನ್ನು ಮುಚ್ಚಿಡುವುದಿಲ್ಲ.

ಆಗ ನಮ್ಮ ಬೆಳ್ಳಿಮೀನು ಐದನೆಯ ವರ್ಷಕ್ಕೆ ಮೊದಲ ಸಲ ಮೊಟ್ಟೆ ಕಟ್ಟುತ್ತಿತ್ತು, ಆಗ ಅದರ ಉದ್ದ ನಲವತ್ತನ್ನು ದಾಟಿರುತ್ತಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ನಾಲ್ಕನೆಯ ವರ್ಷಕ್ಕೆ ಬಂತು. ಆಮೇಲೆ ಮೂರಕ್ಕೆ. ಹೋದ ವರ್ಷ ನಾನು ಸೀಳಿದ ಇಪ್ಪತ್ತಾರು ಸೆಂಟಿಮೀಟರಿನ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡಿತ್ತು. ಹುರುಪೆಯಲ್ಲಿ ಎರಡೇ ಗೆರೆ. ಮೊದಮೊದಲು ನನ್ನ ಕಣ್ಣಿನ ಮೇಲೆ ಅನುಮಾನ ಬಂದು ಕನ್ನಡಕ ಬದಲಾಯಿಸಿಕೊಂಡೆ. ಕೊನೆಗೆ ನನ್ನ ಅನುಮಾನ ಬಿಡಿಸಿದವನು ನನ್ನ ಅಣ್ಣ. ಅವನು ಹದಿನಾರನೆಯ ವಯಸ್ಸಿನಿಂದ ಇದೇ ನೀರಿನಲ್ಲಿ ಬಲೆ ಹಾಕಿದವನು. ಒಂದು ಮೂವತ್ತೊಂದರ ಮೀನನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದ.

"ಹಲಗೆ ಅತ್ಲಾಗಿಡು. ಇದರ ಮುಖ ನೋಡು. ಇದು ಮರಿ ಮುಖಾನಾ?"

"ಉದ್ದ ನೋಡಿದ್ರೆ ಮರಿನೇ."

"ಮುದುಕಿ ಕಣೇ ಇದು. ಎಷ್ಟು ಹೆತ್ತಿದೆಯೋ ಏನೋ."

ಹುರುಪೆ ಕಿತ್ತು ಎಣಿಸಿದೆ. ಏಳು ಗೆರೆ.

ನಿರ್ದೇಶಕರೇ, ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಒಂದೇ ಸರೋವರದ ಮೀನುಗಳೆಲ್ಲ ಒಂದೇ ಥರ ಇರುವುದಿಲ್ಲ. ಕೆಲವು ನಿಧಾನವಾಗಿ, ದೊಡ್ಡದಾಗಿ ಬೆಳೆದು ಆಮೇಲೆ ಮೊಟ್ಟೆ ಇಡುತ್ತವೆ. ಕೆಲವು ಬೇಗ ಮೊಟ್ಟೆ ಕಟ್ಟಿ ಅಲ್ಲಿಗೇ ಬೆಳವಣಿಗೆ ತಗ್ಗಿಸುತ್ತವೆ. ಮರಿಗಳು ಹೆಚ್ಚುಕಮ್ಮಿ ತಾಯಿಯನ್ನೇ ಹೋಲುತ್ತವೆ. ನಿಮ್ಮ ನಿಯಮ ಬರುವ ಮೊದಲು ದೊಡ್ಡ ತಾಯಿಗೆ ಲಾಭವಿತ್ತು: ದೊಡ್ಡ ಹೊಟ್ಟೆ, ಲಕ್ಷಗಟ್ಟಲೆ ಮೊಟ್ಟೆ. ನಿಯಮ ಬಂದ ಮೇಲೆ ಮೂವತ್ತೈದು ದಾಟಿದ ಮೀನಿಗೆ ಬಲೆಯೇ ಗತಿಯಾಯಿತು. ನಿಧಾನವಾಗಿ ಬೆಳೆದದ್ದು ಒಂದು ಸಲವೂ ಮೊಟ್ಟೆ ಇಡುವ ಮೊದಲೇ ಬುಟ್ಟಿ ಸೇರಿತು. ಮೂವತ್ತೈದರೊಳಗೆ ಸಂಸಾರ ಮುಗಿಸಿಕೊಂಡದ್ದು ಮರಿಗಳನ್ನು ಬಿಟ್ಟುಹೋಯಿತು. ಆ ಮರಿಗಳಲ್ಲೂ ಅದೇ ಆಯ್ಕೆ, ಅವುಗಳ ಮರಿಗಳಲ್ಲೂ ಅದೇ. ಯಾವ ಮೀನೂ ಕುಗ್ಗಬೇಕೆಂದು ಕೂತು ಯೋಚಿಸಲಿಲ್ಲ. ನಿಮ್ಮ ಪ್ರಕಟಣೆಯನ್ನು ಓದಿ ತಿಳಿದುಕೊಳ್ಳಲಿಲ್ಲ. ಯಾವುದು ಸಾಯಬೇಕು, ಯಾವುದು ಹೆರಬೇಕು ಎಂದು ನಾವು ಇಪ್ಪತ್ತೆರಡು ವರ್ಷ ಆರಿಸಿದೆವು. ಉಳಿದದ್ದು ಉಳಿದವುಗಳ ಸಂತಾನ, ಅಷ್ಟೆ.

ಮೀನಿಗೆ ಹೊಟ್ಟೆಗಿಲ್ಲದೆ ಸಣ್ಣಗಾಗಿದೆ ಎಂದು ನಿಮ್ಮ ತಜ್ಞರು ಒಂದು ಪುಟದ ವರದಿ ಬರೆದರು. ಅವರು ದಡಕ್ಕೆ ಬಂದದ್ದು ಒಂದೇ ದಿನ, ಅದೂ ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಸರೋವರದಲ್ಲಿ ಮೀನು ಅರ್ಧಕ್ಕರ್ಧ ಕಡಿಮೆಯಾಗಿದೆ. ತಿನ್ನುವ ಬಾಯಿ ಕಡಿಮೆಯಾದರೆ ಪಾಲು ಹೆಚ್ಚಬೇಕಲ್ಲವೇ? ಆದರೂ ಮಾತಿಗೆ ಮಾತು ಬೇಡವೆಂದು ನಾನು ಒಂದು ರಜೆಯ ದಿನ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಊರಾಚೆಯ ಕುಡಿಯುವ ನೀರಿನ ಜಲಾಶಯಕ್ಕೆ ಹೋದೆ. ಮೂವತ್ತು ವರ್ಷದ ಹಿಂದೆ ನಮ್ಮ ಸರೋವರದ್ದೇ ಮರಿಗಳನ್ನು ಅಲ್ಲಿ ಬಿಟ್ಟಿದ್ದರು. ಅಲ್ಲಿ ಬಲೆ ಹಾಕುವುದಕ್ಕೆ ನಿಷೇಧ. ಪಂಪ್‌ಹೌಸಿನ ಆಪರೇಟರು ಗೇಟಿನಲ್ಲಿ ತಡೆದರು.

"ಮೀನು ಹಿಡಿಯಂಗಿಲ್ಲಮ್ಮ ಇಲ್ಲಿ."

"ಹಿಡಿಯಲ್ಲಪ್ಪ. ಅಳೀಬೇಕು."

"ಅಳೆದು ಏನ್ಮಾಡ್ತೀರಾ?"

"ನನ್ನ ತಲೆ ಸರಿಯಿದೆಯಾ ಅಂತ ನೋಡ್ಕೋಬೇಕು."

ಅವರು ನಕ್ಕು ಗೇಟು ತೆಗೆದರು. ನೀರೆಳೆಯುವ ಕೊಳವೆಯ ಜಾಲರಿಗೆ ವಾರಕ್ಕೆ ನಾಲ್ಕೈದು ಮೀನು ಸಿಕ್ಕಿ ಸಾಯುತ್ತವಂತೆ, ಅವನ್ನು ತೆಗೆದಿಟ್ಟು ಕೊಡುವುದಾಗಿ ಒಪ್ಪಿದರು. ಎಂಟು ತಿಂಗಳು ಪ್ರತಿ ರಜೆಗೂ ಹೋದೆ. ನೂರ ಹದಿನೆಂಟು ಮೀನು ಅಳೆದೆ. ಮೂವತ್ತಾರಕ್ಕಿಂತ ಚಿಕ್ಕದಾದ ಒಂದೇ ಒಂದು ಮೀನಿನ ಹೊಟ್ಟೆಯಲ್ಲೂ ಮೊಟ್ಟೆ ಇರಲಿಲ್ಲ. ಐವತ್ತೆರಡು ಸೆಂಟಿಮೀಟರಿನ ಒಂದು ತಾಯಿಯನ್ನು ಮೇಜಿನ ಮೇಲೆ ಮಲಗಿಸಿದಾಗ ನನಗೆ ಅಳು ಬಂತು. ಅಷ್ಟು ದೊಡ್ಡ ಬೆಳ್ಳಿಮೀನು ನಮ್ಮ ದಡದಲ್ಲಿ ಕಂಡು ಹನ್ನೆರಡು ವರ್ಷವಾಗಿತ್ತು. ಅದೇ ವಂಶ, ಅದೇ ಹವೆ. ಇಲ್ಲದ್ದು ಬಲೆ ಒಂದೇ.

ಇದನ್ನೆಲ್ಲ ಬರೆದು ತಮಗೆ ಕಳಿಸಿದೆ. ಉತ್ತರವಾಗಿ ಹೊಸ ಹಲಗೆ ಬಂತು.

ಇನ್ನು ಅಣ್ಣನ ವಿಷಯ. ಅವನು ನಿಯಮ ಮುರಿದದ್ದು ನಿಜ. ಆ ದಿನ ಅವನ ದೋಣಿಯಲ್ಲಿ ಸಿಕ್ಕ ನಲವತ್ತು ಮೀನಿನಲ್ಲಿ ಒಂದೂ ಮೂವತ್ತೈದು ಮುಟ್ಟಲಿಲ್ಲ. ಎಲ್ಲವನ್ನೂ ಬಿಟ್ಟಿದ್ದರೆ, ಅವನು ಬರಿಗೈಯಲ್ಲಿ ಬಂದ ಹತ್ತನೆಯ ದಿನ ಅದಾಗುತ್ತಿತ್ತು. ಬಿಡಲಿಲ್ಲ, ತಂದ. ತಮ್ಮ ಇನ್ಸ್‌ಪೆಕ್ಟರು ದಡದಲ್ಲೇ ಹಿಡಿದು, ಮರಿಮೀನು ಕೊಂದವನೆಂದು ಜನರ ಮುಂದೆ ನಿಲ್ಲಿಸಿದರು. ನಾನು ಮೇಜಿನಿಂದ ಎದ್ದು ಹೋದೆ.

"ಸಾರ್, ಇವು ಮರಿಯಲ್ಲ. ಹುರುಪೆ ನೋಡಿ. ಆರು ವರ್ಷದ್ದು, ಏಳು ವರ್ಷದ್ದು ಇದಾವೆ."

"ಅಕ್ಕ, ರೂಲಲ್ಲಿ ವಯಸ್ಸಿಲ್ಲ. ಉದ್ದ ಇದೆ."

"ಇವು ಇನ್ನು ಉದ್ದ ಆಗಲ್ಲ ಸಾರ್."

"ಹಾಗಂತ ನಾನು ಮೇಲಿನವರಿಗೆ ಬರೆಯೋದಾ? ನನ್ನ ಕೆಲಸ ಉಳಿಯುತ್ತಾ?"

ಆ ಮನುಷ್ಯ ಸುಳ್ಳು ಹೇಳಲಿಲ್ಲ. ತಮ್ಮ ಕಚೇರಿಯನ್ನು ಇಷ್ಟು ವರ್ಷ ನೋಡಿದವಳಾಗಿ ಹೇಳುತ್ತೇನೆ, ಅಲ್ಲೂ ಒಂದು ಬಲೆ ಇದೆ. ಎದ್ದು ನಿಂತು ಪ್ರಶ್ನೆ ಕೇಳುವಷ್ಟು ಬೆಳೆದವರು ಸಿಕ್ಕಿಬೀಳುತ್ತಾರೆ. ತಲೆ ತಗ್ಗಿಸಿದವರು ಸಲೀಸಾಗಿ ತೂರಿಕೊಂಡು ಬಡ್ತಿ ಪಡೆಯುತ್ತಾರೆ, ಆಮೇಲೆ ಹೊಸಬರನ್ನು ಆರಿಸುವವರೂ ಅವರೇ.

ವಿಚಾರಣೆಯ ದಿನ ನಾನು ಹನ್ನೊಂದು ದಾಖಲೆ ಪುಸ್ತಕಗಳನ್ನು ಹೊತ್ತು ಅಣ್ಣನ ಜೊತೆ ತಮ್ಮ ಕೋಣೆಗೆ ಬಂದೆ. ಗಾಜಿನ ಮೇಜು, ಮೂಲೆಯಲ್ಲಿ ಬಣ್ಣದ ಮೀನಿನ ತೊಟ್ಟಿ. ತಾವು ಒಂದು ಪುಸ್ತಕವನ್ನೂ ತೆರೆಯಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

"ಇವರು ನಿಮಗೆ ಏನಾಗಬೇಕು?"

"ಒಡಹುಟ್ಟಿದ ಅಣ್ಣ."

"ಹಾಗಾದ್ರೆ ಮುಗೀತಲ್ಲ."

ಇಪ್ಪತ್ತಮೂರು ವರ್ಷದ ಅಳತೆ ಆ ಒಂದು ಮಾತಿನಲ್ಲಿ ಮುಗಿಯಿತು. ನನ್ನ ಅಣ್ಣನನ್ನು ಉಳಿಸಲೆಂದು, ಅವನು ಸಿಕ್ಕಿಬೀಳುವುದಕ್ಕೆ ಇಪ್ಪತ್ತು ವರ್ಷ ಮೊದಲಿನಿಂದಲೇ ನಾನು ಸುಳ್ಳು ಬರೆಯುತ್ತ ಬಂದೆನೇ? ಜಲಾಶಯದ ಮೀನುಗಳೂ ನನ್ನ ನೆಂಟರೇ? ಕೇಳಬೇಕೆಂದಿದ್ದೆ. ಪಕ್ಕದಲ್ಲಿ ಅಣ್ಣ ನನ್ನ ಸೆರಗಿನ ತುದಿ ಎಳೆದ. ಸುಮ್ಮನಾದೆ. ಆ ಮೌನಕ್ಕಾಗಿ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಅವನ ಪರವಾನಗಿ ರದ್ದಾಯಿತು. ನನಗೆ ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆಯ ಆದೇಶ ಬಂತು. ಅಣ್ಣ ಈಗ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಾನೆ. ಕೆಲಸಕ್ಕೆ ಸರೋವರದ ರಸ್ತೆ ಹತ್ತಿರವಾದರೂ ಸುತ್ತು ಹಾಕಿ ಮಾರ್ಕೆಟ್ಟಿನ ಕಡೆಯಿಂದ ಹೋಗುತ್ತಾನೆ. ಅತ್ತಿಗೆ ಒಂದು ದಿನ ಬಂದು ಹೇಳಿದಳು:

"ಮನೇಲಿ ಮಾತೇ ಆಡಲ್ಲ. ಮರಿ ಕೊಂದವನು ಅಂದರಲ್ಲ, ಅದನ್ನೇ ಹಿಡ್ಕೊಂಡು ಕೂತಿದ್ದಾರೆ."

ಪರವಾನಗಿ ಹೋದದ್ದನ್ನು ಅವನು ನುಂಗಿಕೊಂಡ. ಈ ಮಾತನ್ನು ನುಂಗಲು ಆಗುತ್ತಿಲ್ಲ. ಸಣ್ಣ ಮರಿ ಬಲೆಗೆ ಬಿದ್ದರೆ ಕಿವಿರಿಗೆ ಗಾಯವಾಗದಂತೆ ಎರಡೂ ಕೈಯಲ್ಲಿ ಬಿಡಿಸಿ ನೀರಿಗೆ ಬಿಡುತ್ತಿದ್ದವನು ಅವನು.

ನನ್ನ ಕೆಲಸ ವಾಪಸು ಕೊಡಿ ಎಂದು ನಾನು ಕೇಳುವುದಿಲ್ಲ. ನನ್ನ ಬೇಡಿಕೆ ಇಷ್ಟು. ಉಗ್ರಾಣದಲ್ಲಿರುವ ಪುಸ್ತಕಗಳನ್ನು ಹೊರಗೆ ತನ್ನಿ, ಮುದ್ರೆಯ ಮೇಲೆ ಗೀಟೆಳೆದು ಸಹಿ ಹಾಕಿ, ಓದಬಲ್ಲವರ ಕೈಗೆ ಕೊಡಿ. ನಿಯಮವನ್ನು ತಿದ್ದಿ: ತೀರಾ ಚಿಕ್ಕದನ್ನು ಬಿಡುವಂತೆ ತೀರಾ ದೊಡ್ಡ ತಾಯಿಯನ್ನೂ ನೀರಿಗೆ ಬಿಡಲಿ, ನಡುವಿನದ್ದನ್ನಷ್ಟೇ ಹಿಡಿಯಲಿ. ಸರೋವರದ ಒಂದು ಮೂಲೆಗೆ ಬಲೆ ಹೋಗದಂತೆ ನೋಡಿಕೊಳ್ಳಿ. ಮತ್ತು ನನ್ನ ಅಣ್ಣ ಹಿಡಿದದ್ದು ಮರಿಗಳನ್ನಲ್ಲ ಎಂದು ಇಲಾಖೆಯ ಕಾಗದದಲ್ಲಿ ಒಂದು ಸಾಲು ಬರೆದು ಅವನ ಮನೆಗೆ ಕಳಿಸಿ. ನಿಯಮ ಮುರಿದ ಎಂದು ಬೇಕಾದರೆ ಅದರಲ್ಲೇ ಸೇರಿಸಿ.

ತಾವು ಇದೆಲ್ಲವನ್ನೂ ಇವತ್ತೇ ಒಪ್ಪಿದರೂ ನಾಳೆ ಮೀನು ದೊಡ್ಡದಾಗುವುದಿಲ್ಲ. ಆರಿಸಿ ಆರಿಸಿ ಕುಗ್ಗಿಸಿದ್ದು ಮತ್ತೆ ಬೆಳೆಯಲು ಕುಗ್ಗಿಸಿದ್ದಕ್ಕಿಂತ ಹೆಚ್ಚು ವರ್ಷ ಹಿಡಿಯಬಹುದು. ದೊಡ್ಡದಾಗುವ ವಂಶ ಸರೋವರದಲ್ಲಿ ಇನ್ನೂ ಉಳಿದಿದ್ದರೆ, ಅಷ್ಟೇ. ಅಷ್ಟರಲ್ಲಿ ತಾವು ನಿವೃತ್ತರಾಗಿರುತ್ತೀರಿ, ನಾನು ಇರುವುದಿಲ್ಲ. ತಮ್ಮ ಹೆಸರಿಗೆ ಯಾವ ಕೀರ್ತಿಯೂ ಬರುವುದಿಲ್ಲ. ಆ ಕೆಲಸ ಮಾಡುತ್ತೀರಾ?

ಇಂತಿ,
'ತಮ್ಮ ವಿಧೇಯಳು' ಎಂದು ಬರೆದು ಬರೆದು ಸಾಕಾದ,
ಮೀನು ಸರಿಯಾಗಿ ಅಳೆದು ಕೆಲಸ ಕಳೆದುಕೊಂಡವಳು