ಒಂದೇ ಮನೆಗೆ ಬಂದ ಎರಡು ಪತ್ರ

ಕಲ್ಲೋಳಿ,
ಮಂಗಳವಾರ

ಗೋಕಾಕದ ಕ್ಲಬ್ಬಿನ ಕಾರ್ಯದರ್ಶಿ ಸಾಹೇಬರಿಗೆ ನಮಸ್ಕಾರ.

ನಿಮ್ಮ ಶತಮಾನೋತ್ಸವದ ಎರಡು ಪತ್ರಗಳು ನಿನ್ನೆ ಒಟ್ಟಿಗೇ ಬಂದವು. ಒಂದರಲ್ಲಿ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದೀರಿ. ಇನ್ನೊಂದರಲ್ಲಿ, ಮೂವತ್ನಾಲ್ಕು ವರ್ಷ ನಿಮ್ಮ ಬಾಗಿಲು ಕಾಯ್ದ ಉದ್ದಪ್ಪ ಹಳೆಯ ಕೆಂಪು ರುಮಾಲು ಸುತ್ತಿಕೊಂಡು ಬಂದು, ಹಿಂದಿನಂತೆ ಅತಿಥಿಗಳಿಗೆ ಬಾಗಿಲು ತೆರೆಯಬೇಕೆಂದು ಬರೆದಿದ್ದೀರಿ. ಅದರಿಂದ ಸಮಾರಂಭಕ್ಕೆ ಕಳೆ ಬರುತ್ತದಂತೆ.

ಅವರು ನನ್ನ ಅಪ್ಪ. ನಿಮಗೆ ಗೊತ್ತಿರಲಿಕ್ಕಿಲ್ಲ. ಬಾಗಿಲು ಕಾಯುವವನ ಮನೆತನದ ಹೆಸರು ಕ್ಲಬ್ಬಿನಲ್ಲಿ ಯಾರಿಗೆ ಬೇಕಾಗಿತ್ತು? ಅವನು ಹೊಸ್ತಿಲು ದಾಟಬಾರದು ಎಂಬ ನಿಯಮ ಮಾತ್ರ ಇತ್ತು. ಅಪ್ಪ ಅದನ್ನು ಒಂದು ದಿನವೂ ಮೀರಲಿಲ್ಲ.

ಬರುವುದಿಲ್ಲವೆಂದು ಬರೆಯಲು ಕುಳಿತಿದ್ದೆ. ಅಪ್ಪ ಕೈ ಹಿಡಿದರು. "ಬ್ಯಾಡವಾ. ಆ ಬಾಗಲಾ ಎಷ್ಟೋ ಮಂದಿಗೆ ತಗದೇನಿ. ಒಂದ ಸಲ ನಿನಗ ತಗೀತೇನಿ," ಅಂದರು. ರುಮಾಲಿಗೆ ಗಂಜಿ ಹಾಕಿ ಅಂಗಳದಲ್ಲಿ ಒಣಗಹಾಕಿದ್ದಾರೆ. ನಾನು ಆ ಕಡೆ ನೋಡುತ್ತಿಲ್ಲ.

ಆದ್ದರಿಂದ ನೀವು ಹೇಳಿದ ಹೊತ್ತಿಗೆ ಬರುತ್ತೇನೆ. ಶಾಲು, ಹಾರ ಏನೂ ಬೇಡ. ಒಂದು ಪ್ರಶ್ನೆಗೆ ಗುರುವಾರದೊಳಗೆ ಉತ್ತರ ಬರೆದು ಕಳಿಸಿ. ಮುಂಜಾನೆ ಚಹಾ ಕುಡಿಯುವಾಗ ಅಪ್ಪ ಅದನ್ನು ನನಗೆ ಕೇಳಿದರು. ನಿಯಮ ನಿಮ್ಮದು, ಉತ್ತರ ಹೇಳಬೇಕಾದವರೂ ನೀವೇ. ಅವರು ಕೇಳಿದ ಹಾಗೇ ಬರೆಯುತ್ತೇನೆ:

"ನೀ ಒಳಗ ಹ್ವಾದ ಮ್ಯಾಲೆ ನಾ ಬಾಗಲಾ ಮುಚ್ಚಿ ಹೊರಗ ನಿಂದರಬೇಕೇನು, ಇಲ್ಲಾ ನಿನ್ನ ಹಿಂದ ಒಳಗ ಬರಬಹುದೇನು?"

ಇತಿ,
ಡಾ. ಮಯೂರಿ ಉದ್ದಪ್ಪ ಕಾಂಬಳೆ