ಒಂದೂವರೆ ಪುಟದ ಕ್ರಾಸ್

ತಿಳವಳ್ಳಿ, ತಾ. ಹಾನಗಲ್ಲ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಮಗಳು ಮಲ್ಲಿಕಾಗೆ,

ನಿನ್ನ ಅವ್ವ ಸಿದ್ದವ್ವ ಮಾಡುವ ಆಶೀರ್ವಾದ. ಹೇಗಿದ್ದೀ? ಧಾರವಾಡದ ಚಳಿಗೆ ನಿನಗೆ ಮೂಗು ಕಟ್ಟುತ್ತದೆ, ನನಗೆ ಗೊತ್ತು. ಈ ಪತ್ರದ ಜೊತೆ ನಿನ್ನ ಗೆಳತಿ ನುಜಹತಳ ಕೈಯಲ್ಲಿ ಅಜವಾನದ ಗಂಟು, ಶೇಂಗಾ ಚಟ್ನಿ, ಹದಿನೈದು ಖಡಕ್ ರೊಟ್ಟಿ ಕಳಿಸಿದ್ದೇನೆ. ರೊಟ್ಟಿಯನ್ನು ರೂಮಿನವರಿಗೆಲ್ಲ ಹಂಚಬೇಡ, ನೀನು ಉಣ್ಣು. ಹಂಚಿದರೂ ಹಂಚು, ನಾನು ಬೇಡ ಎಂದದ್ದನ್ನು ನೀನು ಯಾವಾಗ ಬಿಟ್ಟಿದ್ದೀ? ಇಲ್ಲಿ ನಾವೆಲ್ಲ ಆರಾಮ. ನಿನ್ನ ಅಪ್ಪನ ಮೊಣಕಾಲು ಅಮಾಸೆಗೊಮ್ಮೆ ನೋಯುತ್ತದೆ, ಹುಣ್ಣಿಮೆಗೊಮ್ಮೆ ಬಿಡುತ್ತದೆ. ಅಜ್ಜಿ ಮುದಕವ್ವ ಎಲೆ ಅಡಿಕೆ ಬಿಟ್ಟಿದ್ದೇನೆ ಎಂದು ಊರಿಗೆಲ್ಲ ಹೇಳಿ, ಹಿತ್ತಲಲ್ಲಿ ಕೂತು ಹಾಕಿಕೊಳ್ಳುತ್ತಾಳೆ.

ಕೈಯಲ್ಲಿ ಫೋನಿದ್ದೂ ಅವ್ವ ಯಾಕೆ ಪತ್ರ ಬರೆದಳು ಎನ್ನುತ್ತೀಯೇನೋ. ಫೋನಿನಲ್ಲಿ ನೀನು ಆಡುವುದು ಮೂರೇ ಮಾತು: "ಹೂಂ ಅವ್ವಾ, ಉಂಡೇನಿ, ಇಡ್ತೇನಿ." ಆ ಮೂರರ ನಡುವೆ ನನ್ನ ಮಾತು ತೂರಿಸಲು ಜಾಗವೇ ಇರುವುದಿಲ್ಲ. ಕಾಗದಕ್ಕೆ ಹಾಗಲ್ಲ, ಓದಿ ಮುಗಿಯುವವರೆಗೆ ನೀನು ಇಡುವ ಹಾಗಿಲ್ಲ. ಪತ್ರವೆಂದರೆ ಶುದ್ಧವಾಗಿ ಬರೆಯಬೇಕು ಎಂದು ಏಳನೇ ಇಯತ್ತೆಯ ಅಕ್ಕೋರು ಕಲಿಸಿದ್ದರು, ಅವರ ಹೆಸರು ಕೆಡಿಸಬಾರದೆಂದು ಪುಸ್ತಕದ ಮಾತಿನಲ್ಲೇ ಬರೆಯುತ್ತಿದ್ದೇನೆ, ನಗಬೇಡ.

ಹೋದ ಸಂಕ್ರಾಂತಿ ರಜೆಯಲ್ಲಿ, ನಾನು ಕೂಲಿಗೆ ಹೋಗುವ ಸರೋಜವ್ವನವರ ಬೀಜದ ಪ್ಲಾಟಿನಲ್ಲಿ, ಹತ್ತು ಹೆಂಗಸರ ಮುಂದೆ, ನಾನು ನಿನ್ನ ಕೆನ್ನೆಗೆ ಹೊಡೆದೆ. ಮರುದಿನವೇ ನೀನು ಹಾಸ್ಟೆಲ್ಲಿಗೆ ಹೊರಟುಹೋದೆ. ಯುಗಾದಿಗೆ ಬರಲಿಲ್ಲ. ಪಂಚಮಿಗೂ ಬರಲಿಲ್ಲ, ಜೋಕಾಲಿಯ ಹಗ್ಗ ಅಟ್ಟದಿಂದ ಇಳಿಯಲೇ ಇಲ್ಲ, ಮಾಡಿದ ಉಂಡಿಯನ್ನು ನಿನ್ನ ಅಪ್ಪ ಒಬ್ಬನೇ ತಿಂದು ಹೊಟ್ಟೆ ಕೆಡಿಸಿಕೊಂಡ. ದೀಪಾವಳಿಗೆ ಕರೆದರೆ "ಪರೀಕ್ಷಾ ಅದಾವ" ಎಂದೆ. ಒಂದೇ ಕ್ಲಾಸಿನ ನುಜಹತಳಿಗೆ ಇಲ್ಲದ ಪರೀಕ್ಷೆ ನಿನಗೊಬ್ಬಳಿಗೆ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಕೇಳುವ ಬಾಯಿ ನನಗಿರಲಿಲ್ಲ.

ಈಗ ಸುದ್ದಿ. ಗಾಬರಿಯಾಗಬೇಡ, ಎಲ್ಲ ಮುಗಿದ ಮೇಲೆ ಹೇಳುತ್ತಿದ್ದೇನೆ. ನನ್ನ ಎಡಗಣ್ಣಿಗೆ ಆಪರೇಶನ್ ಆಯಿತು. ನವರಾತ್ರಿ ಆದ ಮೇಲೆ ಶಿಗ್ಗಾಂವಿಯಲ್ಲಿ ಕಣ್ಣಿನ ಶಿಬಿರವಿತ್ತು, ಹೋಗಿ ತೋರಿಸಿದರೆ ಎರಡೂ ಕಣ್ಣಿಗೆ ಪೊರೆ ಬಂದು ಬಹಳ ವರ್ಷವಾಗಿದೆ ಎಂದರು. ಅವರದೇ ಗಾಡಿಯಲ್ಲಿ ಹುಬ್ಬಳ್ಳಿಗೆ ಕರೆದೊಯ್ದು ಎಡಗಣ್ಣಿನದು ತೆಗೆದರು. ಬಲಗಣ್ಣಿನದು ಮಾರ್ಚಿಗೆ. ನಿನಗೆ ಹೇಳಬಾರದೆಂದು ನಾನೇ ನಿನ್ನ ಅಪ್ಪನಿಂದ ಆಣೆ ಮಾಡಿಸಿಕೊಂಡಿದ್ದೆ. ಕಣ್ಣಿನ ನೆಪ ಮಾಡಿ ಕರೆಸಿಕೊಂಡಳು ಎಂದು ನಿನಗೆ ಅನ್ನಿಸಬಾರದಲ್ಲ. ಬರುವುದಾದರೆ ನೀನಾಗಿ ಬರಬೇಕು.

ಪಟ್ಟಿ ಬಿಚ್ಚಿದ ಬೆಳಿಗ್ಗೆ ಮೊದಲು ಕಂಡದ್ದು ನನ್ನ ಮೇಲೆ ಬಾಗಿದ್ದ ನರ್ಸಮ್ಮನ ಕೊರಳ ಸರ. ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಪದಕ, ಅದರ ಮೇಲಿನ ಗೀರೂ ಕಂಡಿತು. ಏನಿದು ಎಂದು ಕೇಳಿದೆ. "ಕ್ರಾಸ್ ರೀ ಅವ್ವಾರ" ಎಂದಳು. "ಕ್ರಾಸ್ ಅಂದ್ರ ನಾವು ಹೊಲದಾಗ ಹೂವಿಗೆ ಹುಡಿ ಮುಟ್ಟಸೂ ಕೆಲಸ ಅಲ್ಲೇನವಾ?" ಎಂದೆ. ಆ ಹುಡುಗಿ ನಕ್ಕು, "ಅದೂ ಕ್ರಾಸೇ ರೀ, ಇದೂ ಕ್ರಾಸೇ" ಎಂದು ಮುಂದಿನ ಮಂಚಕ್ಕೆ ಹೋದಳು. ನನ್ನ ತಲೆಯಲ್ಲಿ ಮಾತ್ರ ಅದು ಅಲ್ಲೇ ಕೂತಿತು. ಹತ್ತೊಂಬತ್ತು ವರ್ಷದಿಂದ ನನ್ನ ಹೊಟ್ಟೆ ಹೊರೆಯುತ್ತಿರುವ ಮಾತು, ಇನ್ನೊಬ್ಬರ ಕೊರಳಿನಲ್ಲಿ ದೇವರಾಗಿ ತೂಗುತ್ತಿದೆ ಎಂದರೆ!

ಊರಿಗೆ ಬರುವಾಗ ಬಸ್ಸಿನ ಕಿಟಕಿ ಬಿಟ್ಟು ಏಳಲಿಲ್ಲ. ನೀಲಿ ಎಂಬ ಬಣ್ಣ ಇಷ್ಟೊಂದು ಇದೆಯೇ ಮಲ್ಲಿಕಾ, ಈ ಲೋಕದಲ್ಲಿ? ಬಂಕಾಪುರ ದಾಟುವಾಗ ಬೇಲಿಯ ಪಕ್ಕ ನವಿಲೊಂದು ಕುತ್ತಿಗೆ ಎತ್ತಿ ನಿಂತಿತ್ತು. ಆ ಕುತ್ತಿಗೆ ನೋಡಿ "ಅಯ್ಯ ಶಿವನೇ" ಎಂದು ನಾನು ಕೂಗಿದ್ದಕ್ಕೆ ಕಂಡಕ್ಟರ್ ಸೀಟಿ ಊದಿಬಿಟ್ಟ. ಬಲಗಣ್ಣು ಮುಚ್ಚಿದರೆ ಆಕಾಶ ತೊಳೆದಿಟ್ಟಂತೆ ಕಾಣುತ್ತದೆ, ಎಡಗಣ್ಣು ಮುಚ್ಚಿದರೆ ಅದೇ ಆಕಾಶ ಚಹಾ ಸೋಸಿದ ಅರಿವೆಯ ಬಣ್ಣ. ಎರಡು ವರ್ಷದ ಹಿಂದೆ ಹಿರೇಕೆರೂರ ಸಂತೆಯಲ್ಲಿ ಹಸಿರೆಂದು ಆರಿಸಿ ತಂದಿದ್ದ ಸೀರೆ ಇದೆಯಲ್ಲ, ಅದು ನೀಲಿ! ನಿನ್ನ ಅಪ್ಪನನ್ನು ಕೇಳಿದರೆ, "ನಾ ಅವತ್ತ ಹೇಳಿದ್ದೆ, ನೀ ಎಲ್ಲಿ ಕೇಳ್ತಿ" ಎಂದ. ಹೌದು, ನಾನು ಯಾರ ಮಾತನ್ನೂ ಕೇಳುವವಳಲ್ಲ. ಅದನ್ನು ನಿನಗೆ ಬೇರೆ ಹೇಳಬೇಕಾಗಿಲ್ಲ.

ನೀನು ಪಿಯುಸಿಯಲ್ಲಿ ಓದುತ್ತಿದ್ದ ಇಂಗ್ಲಿಷ್-ಕನ್ನಡ ನಿಘಂಟು ಗೋಡೆಯ ಮಾಡದಲ್ಲಿ ಹಾಗೇ ಇತ್ತು. ನಮ್ಮ ಊರ ಹೊರಗಿನ ಕ್ರಾಸಿನ ಬೋರ್ಡಿನಲ್ಲಿ ಇಂಗ್ಲಿಷಿನಲ್ಲೂ ಬರೆದಿದೆಯಲ್ಲ, ಆ ಐದು ಅಕ್ಷರವನ್ನು ಅಂಗೈ ಮೇಲೆ ಬರೆದುಕೊಂಡು ಬಂದೆ. ನಿನ್ನ ಅಪ್ಪ ನೋಡಿ, "ಈ ವಯಸ್ಸಿನಾಗ ಕೈ ಮ್ಯಾಲ ಯಾರ ಹೆಸರ ಬರಕೊಂಡಿ?" ಎಂದು ಚಾಷ್ಟಿ ಮಾಡಿದ. ಅಂಗೈ ಒಂದು ಕಡೆ, ಪುಸ್ತಕ ಒಂದು ಕಡೆ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಹೋದೆ. ಸಿಕ್ಕಿತು. ಒಂದು ಸಾಲಿರಬಹುದು ಎಂದುಕೊಂಡಿದ್ದೆ. ಒಂದೂವರೆ ಪುಟ! ಒಂದು ಮಾತಿಗೆ ಒಂದೂವರೆ ಪುಟ. ಬೆರಳಿಟ್ಟು ಓದಲು ಕೂತವಳಿಗೆ ಒಲೆಯ ಮೇಲಿನ ಬೇಳೆ ಸೀದದ್ದೂ ತಿಳಿಯಲಿಲ್ಲ.

ತಪ್ಪು ಲೆಕ್ಕಕ್ಕೆ ಮಾಸ್ತರರು ಹಾಕುವ ಗುರುತು ಕ್ರಾಸ್. ಹೊಳೆ ದಾಟುವುದು ಕ್ರಾಸ್. ಅಡ್ಡ ಇರುವುದು, ಓರೆ ಇರುವುದು ಎಲ್ಲ ಅದೇ. ಅದನ್ನು ಓದಿದಾಗ ನನ್ನ ತವರು ಸವಣೂರಿನ ಮಾಬೂಬಿ ನೆನಪಾದಳು. ನನ್ನ ಮದುವೆಯ ಕುಪ್ಪಸವನ್ನು ಕ್ರಾಸ್ ಕಟ್ಟಿನಲ್ಲಿ ಹೊಲಿದವಳು ಅವಳು. ಬಟ್ಟೆಯನ್ನು ಓರೆ ಹಿಡಿದು ಕತ್ತರಿಸಿದರೆ ಅದು ಮೈ ಹೇಳಿದಂತೆ ಕೇಳುತ್ತದೆ ಎನ್ನುತ್ತಿದ್ದಳು. ಕೋರ್ಟಿನ ಪಾಟೀಸವಾಲೂ ಕ್ರಾಸಂತೆ. ಅದು ನಿನ್ನ ಅಪ್ಪನಿಗೆ ಪುಸ್ತಕವಿಲ್ಲದೆಯೇ ಗೊತ್ತು. ಪಕ್ಕದ ಹೊಲದವರ ಬದುವಿನ ಕೇಸಿಗೆ ಸಾಕ್ಷಿ ಹೇಳಲು ಹಾನಗಲ್ಲಿಗೆ ಹೋದವನನ್ನು ವಕೀಲರು ಎಷ್ಟು ಕ್ರಾಸ್ ಮಾಡಿದರೆಂದರೆ, ಮನೆಗೆ ಬಂದು ಎರಡನೇ ರೊಟ್ಟಿ ಮುಗಿಯುವವರೆಗೆ ತನ್ನ ಹೆಸರು ಕನಕಪ್ಪ ಹೌದೋ ಅಲ್ಲವೋ ಎಂಬ ಅನುಮಾನದಲ್ಲೇ ಇದ್ದ. ಒಬ್ಬರು ಹೊತ್ತು ತಿರುಗಬೇಕಾದ ಕಷ್ಟಕ್ಕೂ ಅದೇ ಹೆಸರು. ಎರಡು ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋದರೆ ಅದಕ್ಕೂ ಇದೇ ಮಾತಂತೆ! ನಿನ್ನದೂ ಒಂದು ಪತ್ರ ಅತ್ತಲಿಂದ ಹೊರಟಿದ್ದರೆ ಎಷ್ಟು ಚೆನ್ನ ಎನ್ನಿಸಿತು.

ಇಷ್ಟೆಲ್ಲ ಬರೆದವರು ನಮ್ಮ ಕ್ರಾಸನ್ನೇ ಮರೆತಿದ್ದಾರೆ ನೋಡು. ಬಸ್ಸಿಳಿದು, ಗೂಡಂಗಡಿಯಲ್ಲಿ ಚಹಾ ಕುಡಿದು, ಹಿರೇಕೆರೂರ ಕಡೆಯಿಂದ ಬಂದವರು ಯಾರು, ಹಾನಗಲ್ಲ ಕಡೆಗೆ ಹೊರಟವರು ಯಾರು ಎಂದು ವಿಚಾರಿಸುವ ಜಾಗ ಆ ಒಂದೂವರೆ ಪುಟದಲ್ಲಿ ಎಲ್ಲೂ ಇಲ್ಲ. ಹಾಗಾದರೆ ಅದು ನಾವೇ ಹುಟ್ಟಿಸಿದ ಅರ್ಥ ಅಂತಾಯಿತು. ನಮ್ಮ ಕೆಲಸಕ್ಕೂ ನ್ಯಾಯ ಮಾಡಿಲ್ಲ. ನಾಳೆ ಅರಳುವ ಮೊಗ್ಗು ಯಾವುದೆಂದು ಇಂದು ಸಂಜೆಯೇ ಗುರುತಿಸಿ, ಅದರ ಗಂಡೆಳೆಗಳನ್ನು ಚಿಮಟದಿಂದ ಒಂದೂ ಉಳಿಯದಂತೆ ಕಿತ್ತು, ದಾರ ಕಟ್ಟಿ, ಬೆಳಿಗ್ಗೆ ಬಂದು ಬೇರೆ ಜಾತಿಯ ಗಿಡದ ಹುಡಿಯನ್ನು ಅದಕ್ಕೆ ಮುಟ್ಟಿಸಬೇಕು. ತಡವಾದರೆ ಹೂವು ಕಾಯುವುದಿಲ್ಲ. ಪುಸ್ತಕದವರು ಇದಕ್ಕೆಲ್ಲ "ತಳಿ ಬೆರಸು" ಎಂದು ಎರಡು ಮಾತು ಬರೆದು ಕೈ ತೊಳೆದುಕೊಂಡಿದ್ದಾರೆ.

ಆದರೆ ಆ ಎರಡು ಮಾತಿನ ಮುಂದೆ ಪೆನ್ಸಿಲ್ಲಿನಲ್ಲಿ, ನಿನ್ನ ದುಂಡು ಅಕ್ಷರದಲ್ಲಿ, "ಅವ್ವ" ಎಂದು ಬರೆದಿತ್ತು. ಹಳೆಯ ಕಣ್ಣಿಗಾದರೆ ಅದು ಧೂಳಿನಂತೆ ಕಾಣುತ್ತಿತ್ತು. ನಾನು ಆ ಪುಸ್ತಕವನ್ನು ಎದೆಗೆ ಹಿಡಿದುಕೊಂಡು ಅತ್ತೆ, ಯಾಕೆ ಸುಳ್ಳು ಹೇಳಲಿ. ಇಂಗ್ಲಿಷ್ ಓದುವ ಮಗಳು ಒಂದೂವರೆ ಪುಟದಲ್ಲಿ ನನ್ನನ್ನು ಹುಡುಕಿ, ಇಲ್ಲಿದ್ದಾಳೆ ಎಂದು ಗುರುತು ಹಾಕಿಟ್ಟಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಮುಂದೆ ಓದಿದರೆ, ಕೆಳಗೆ "ಸಿಟ್ಟಾದ, ಕೆರಳಿದ" ಎಂಬ ಅರ್ಥದ ಮುಂದೆಯೂ "ಅವ್ವ" ಎಂದಿತ್ತು. ಅಲ್ಲಿ ಪೆನ್ಸಿಲನ್ನು ಸ್ವಲ್ಪ ಒತ್ತಿಯೇ ಬರೆದಿದ್ದೀ. ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಪ್ಲಾಟಿನ ಉಸ್ತುವಾರಿ ನೋಡುವ ಚನ್ನೇಶ ಅವತ್ತು, ನಾನು ನಿನಗೆ ಹೊಡೆದ ದಿನ ಬೆಳಿಗ್ಗೆ, ಸಾಲು ನೋಡುತ್ತ ಬಂದವನು, ಗಂಡೆಳೆ ಉಳಿದ ಹೂವು ಹತ್ತು ಹನ್ನೆರಡು ಇವೆ, ಹೀಗಾದರೆ ಬೀಜವೆಲ್ಲ ಕೆಡುತ್ತದೆ, ಇವು ಯಾರವು ಎಂದು ಕೇಳಿದ. ಯಾರ ಕೆಲಸ ಯಾವುದೆಂದು ತಿಳಿಯಲು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ನನ್ನದು ನೀಲಿ, ರಜೆಗೆ ಬಂದ ನಿನ್ನದು ಹಸಿರು. ಅವನು ಬಾಗುವ ಮೊದಲೇ ನಾನು ಬಾಗಿ ನೋಡಿ, "ಹಸಿರ ದಾರ, ನನ್ನ ಮಗಳದ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. "ನೀವ ಅಂದ ಮ್ಯಾಲ ಮುಗೀತ ಬಿಡ್ರಿ" ಎಂದು ಅವನು ಮುಂದೆ ಹೋದ. ಹತ್ತೊಂಬತ್ತು ವರ್ಷ ಒಂದು ಮಾತು ಅನ್ನಿಸಿಕೊಳ್ಳದ ಸೊಕ್ಕು ನನ್ನ ಕೈಗೆ ಬಂತು, ಹೊಡೆದೆ. ನೀನು ಒಂದು ಸಲ ದಾರ ನೋಡಿದೆ, ಒಂದು ಸಲ ನನ್ನ ಮುಖ ನೋಡಿದೆ. ಆಮೇಲೆ ನೀನೇ ಆ ಹೂವಿನಿಂದ ದಾರವನ್ನು ಕಿತ್ತು ಮುಷ್ಟಿ ಮುಚ್ಚಿಕೊಂಡೆ.

ನಿಘಂಟಿನ ಆ ಪುಟದ ನಡುವೆ, ನೀನು ಅಂದು ಕಿತ್ತುಕೊಂಡ ಆ ದಾರದ ತುಂಡೂ ಇದೆ. ಅದರ ವಿಷಯ ಬರೆಯಲೆಂದೇ ಈ ಪತ್ರ ಹಿಡಿದದ್ದು. ಇಷ್ಟು ಹಾಳೆ ತುಂಬಿದರೂ ಕೈ ಅಲ್ಲಿಗೆ ಹೋಗುತ್ತಿಲ್ಲ. ಇರಲಿ. ಚೆನ್ನಾಗಿ ಓದು, ತಲೆಗೆ ಎಣ್ಣೆ ಹಚ್ಚಿಕೋ. ಅಪ್ಪ ಕೇಳಿದ್ದಾನೆ, ಅಜ್ಜಿ ನಿನ್ನ ದೃಷ್ಟಿ ತೆಗೆದು ಒಲೆಗೆ ಹಾಕಿದ್ದಾಳೆ. ನಮ್ಮ ಮನೆದೇವರು ನಿನ್ನ ಕಣ್ಣು ಕೈ ತಂಪಾಗಿಟ್ಟಿರಲಿ.

ನಿನ್ನ ದಾರಿ ನೋಡುವ
ಅವ್ವ, ಸಿದ್ದವ್ವ

ತಾ.ಕ.: ನುಜಹತ ಬ್ಯಾಗು ಹೊತ್ತು ಬಾಗಿಲಲ್ಲಿ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾಳೆ. ಬೇಗ ಬೇಗ ಬರೆಯುತ್ತೇನೆ. ಆ ದಾರ ನೀಲಿ, ಮಲ್ಲಿಕಾ. ಬೆಳಕಿಗೆ ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿದೆ. ಬಲಗಣ್ಣಿಗೆ ಈಗಲೂ ಹಸಿರೇ. ಎಡಗಣ್ಣಿಗೆ ನೀಲಿ. ತಪ್ಪು ನನ್ನದು, ಪೆಟ್ಟು ನಿನಗೆ. ನೀನು ಅಲ್ಲೇ ಮುಷ್ಟಿ ಬಿಚ್ಚಿದ್ದರೆ ಹತ್ತು ಮಂದಿಯ ಮುಂದೆ ನನ್ನ ಹತ್ತೊಂಬತ್ತು ವರ್ಷದ ಹೆಸರು ಹೋಗುತ್ತಿತ್ತು. ಅದಕ್ಕೇ ಬಿಚ್ಚಲಿಲ್ಲ ನೀನು. ಈ ಹತ್ತು ತಿಂಗಳೂ ಬಿಚ್ಚಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ನೀನು ನನಗಿಂತ ಇಷ್ಟು ದೊಡ್ಡವಳು ಯಾವಾಗ ಆದೆ? ಇವತ್ತು ಬೆಳಿಗ್ಗೆ ಅದೇ ಪ್ಲಾಟಿನಲ್ಲಿ, ಅದೇ ಸಾಲಿನಲ್ಲಿ ನಿಂತು, ಆ ದಾರ ಎತ್ತಿ ಹಿಡಿದು ಎಲ್ಲರಿಗೂ ಹೇಳಿದೆ. "ವರ್ಷ ಆತ, ಬಿಡ್ರಿ ಸಿದ್ದವ್ವಾರ" ಎಂದ ಚನ್ನೇಶ. "ಬಿಡೂದಿಲ್ಲೋ ತಮ್ಮಾ, ನನ್ನ ಮಗಳ ಹೆಸರ ತೊಳೀಬೇಕು" ಎಂದೆ. ಬಲಗಣ್ಣಿನ ಪೊರೆ ತೆಗೆಯುವ ಮಾರ್ಚಿನವರೆಗೆ ನನ್ನ ಸಾಲನ್ನು ಇನ್ನೊಬ್ಬರು ತಿರುಗಿ ನೋಡಬೇಕು ಎಂದು ಸರೋಜವ್ವ ಹೇಳಿದ್ದಾರೆ, ಅದು ಸರಿಯೇ. ಶನಿವಾರ ಮಧ್ಯಾಹ್ನದಿಂದ ನಾನು ಕ್ರಾಸಿನಲ್ಲಿ ನಿಂತಿರುತ್ತೇನೆ, ಕಡೇ ಬಸ್ಸಿನವರೆಗೂ. ಸಿಟ್ಟಿನ ಮುಂದೆ ಬರೆದ "ಅವ್ವ" ಅಳಿಸಲು ರಬ್ಬರು ತಂದು ಆ ಪುಟದಲ್ಲೇ ಇಟ್ಟಿದ್ದೇನೆ. ನಾನೇ ಅಳಿಸಿಕೊಂಡರೆ ನ್ಯಾಯವಲ್ಲ. ನೀನು ಬಂದು ಅಳಿಸು. ಅಳಿಸಲು ಮನಸ್ಸಾಗದಿದ್ದರೆ ಹಾಗೇ ಇರಲಿ. ಆದರೆ ಬಾ.